ಮಾರ್ಚೆಲ್ಲೊ ಮಾಲ್ಪಿಘಿ

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟವನ್ನೂ ಹುಳುಮನೆಯನ್ನೂ ಕಾಣದೆ ಬೆಳೆದ ಮಕ್ಕಳು ವಿರಳ. ರೇಷ್ಮೆಹುಳು ಪೊರೆ ಬಿಡುವುದನ್ನು ಅಲ್ಲಿನ ರೈತರು ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ತಿನ್ನುತ್ತಿರುವಾಗ ಅದರ ಬೆನ್ನಿನ ನಡುವೆ, ತೆಳುವಾದ ಚರ್ಮದ ಅಡಿಯಲ್ಲಿ, ಬಾಲದ ಕಡೆಯಿಂದ ತಲೆಯ ಕಡೆಗೆ ಮಿಡಿಯುತ್ತ ಸಾಗುವ ಗೆರೆಯೊಂದು ಕಾಣುತ್ತದೆ. ಅದೇ ಹುಳುವಿನ ಹೃದಯ. ಅದನ್ನು ಮೊದಲು ವಿವರವಾಗಿ ಪರೀಕ್ಷಿಸಿ ಬರೆದಿಟ್ಟವನು ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪಿಘಿ. ರಕ್ತವು ಪ್ರಾಣಿಯ ದೇಹವನ್ನು ಹೇಗೆ ಸುತ್ತಿಬರುತ್ತದೆಂಬ ಪ್ರಶ್ನೆಗೆ ಬಾಕಿ ಉಳಿದಿದ್ದ ಉತ್ತರವನ್ನು ಕೊಟ್ಟವನೂ ಅವನೇ.

ಮಾಲ್ಪಿಘಿ 1628ರ ಮಾರ್ಚ್ 10ರಂದು ಬೊಲೊನ್ಯ ನಗರದ ಸಮೀಪದ ಕ್ರೆವಾಲ್ಕೋರೆ ಎಂಬ ಊರಿನಲ್ಲಿ ಜನಿಸಿದನು. ಅದೇ ವರ್ಷ ಇಂಗ್ಲೆಂಡಿನ ವಿಲಿಯಂ ಹಾರ್ವೆಯ ಪ್ರಸಿದ್ಧ ಗ್ರಂಥವು ಪ್ರಕಟವಾಯಿತು. ಅಲ್ಲಿಯವರೆಗೆ ಯೂರೋಪಿನ ವೈದ್ಯರು ಪ್ರಾಚೀನ ಗ್ರೀಕ್ ವೈದ್ಯ ಗೇಲೆನನ ಮಾತನ್ನೇ ನಂಬಿದ್ದರು. ಯಕೃತ್ತು ಆಹಾರದಿಂದ ರಕ್ತವನ್ನು ತಯಾರಿಸುತ್ತದೆ, ಅಂಗಾಂಗಗಳು ಅದನ್ನು ಹೀರಿ ಮುಗಿಸುತ್ತವೆ ಎಂಬುದು ಅವರ ತಿಳಿವಳಿಕೆ. ಹಾರ್ವೆ ಲೆಕ್ಕ ಹಾಕಿದನು. ಹೃದಯವು ಒಂದು ಗಂಟೆಯಲ್ಲಿ ಹೊರನೂಕುವ ರಕ್ತವು ಮನುಷ್ಯನ ತೂಕವನ್ನೇ ಮೀರುತ್ತದೆ. ಅಷ್ಟನ್ನು ತಯಾರಿಸಲು ಯಾವ ಊಟ ಸಾಕಾದೀತು? ಆದುದರಿಂದ ಅದೇ ರಕ್ತವು ಅಪಧಮನಿಗಳಲ್ಲಿ ಹೋಗಿ ಅಭಿಧಮನಿಗಳಲ್ಲಿ ಮರಳುತ್ತಿರಬೇಕು. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ದಾರಿ ಯಾವುದು? ಹಾರ್ವೆ ಅದನ್ನು ಕಾಣದೆಯೇ 1657ರಲ್ಲಿ ತೀರಿಕೊಂಡನು.

ಮಾಲ್ಪಿಘಿ ಹದಿನೇಳರ ಪ್ರಾಯದಲ್ಲಿ ಬೊಲೊನ್ಯ ವಿಶ್ವವಿದ್ಯಾಲಯವನ್ನು ಸೇರಿದನು. 1649ರಲ್ಲಿ ತಂದೆತಾಯಿಗಳಿಬ್ಬರೂ ಮರಣ ಹೊಂದಿದರು. ಮನೆಯ ಹೊಣೆ ತರುಣನ ಮೇಲೆ ಬಿದ್ದಿತು. ಅವನು ಬೊಲೊನ್ಯದಲ್ಲಿ ಹುಟ್ಟಿದವನಲ್ಲವೆಂಬ ಆಕ್ಷೇಪಣೆಯನ್ನೂ ದಾಟಿ 1653ರಲ್ಲಿ ಪದವಿ ಪಡೆದನು. 1656ರಿಂದ ಪೀಸಾ ನಗರದಲ್ಲಿ ಅಧ್ಯಾಪಕನಾಗಿದ್ದಾಗ ಬೊರೆಲ್ಲಿ ಎಂಬ ಗಣಿತಜ್ಞನ ಸ್ನೇಹ ದೊರಕಿತು. ಹಳೆಯ ಗ್ರಂಥಗಳಲ್ಲಿರುವುದನ್ನು ಒಪ್ಪುವ ಮೊದಲು ಸ್ವತಃ ನೋಡಬೇಕೆಂಬ ಹಟವನ್ನು ಈ ಸ್ನೇಹವು ಬಲಪಡಿಸಿತು. ಪೀಸಾದ ಹವೆ ಆರೋಗ್ಯಕ್ಕೆ ಒಗ್ಗದೆ 1659ರಲ್ಲಿ ಅವನು ಬೊಲೊನ್ಯಕ್ಕೆ ಹಿಂದಿರುಗಿದನು.

ಅವನ ಮಹತ್ತಾದ ಶೋಧವು ನಡೆದುದು ಕಪ್ಪೆಯ ಶ್ವಾಸಕೋಶದಲ್ಲಿ. ದೊಡ್ಡ ಪ್ರಾಣಿಗಳ ಶ್ವಾಸಕೋಶ ದಪ್ಪವಾದುದು; ಅದರೊಳಗೆ ಬೆಳಕು ಹಾಯದು. ಕಪ್ಪೆಯದೋ ತೆಳುವಾದ, ಪಾರದರ್ಶಕವಾದ ಚೀಲ. ಜೀವಂತ ಕಪ್ಪೆಯಲ್ಲಿ ರಕ್ತವು ಕಿರಿದಾದ ಕವಲುಗಳಲ್ಲಿ ಹರಿದು ಚದುರುವುದನ್ನು ಅವನು ಸೂಕ್ಷ್ಮದರ್ಶಕದಿಂದ ಕಂಡನು. ಅದು ಬಯಲಿಗೆ ಚೆಲ್ಲುತ್ತದೆಯೋ, ನಾಳದೊಳಗೇ ಇರುತ್ತದೆಯೋ ಎಂಬ ಸಂದೇಹ ಮಾತ್ರ ಉಳಿಯಿತು. ಒಣಗಿಸಿದ ಶ್ವಾಸಕೋಶವನ್ನು ನೋಡಿದಾಗ ಸಂದೇಹ ಕಳೆಯಿತು. ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸುವ ಕೂದಲಿಗಿಂತ ಸಣ್ಣ ನಾಳಗಳ ಬಲೆಯೊಂದು ಅಲ್ಲಿತ್ತು. ಇವೇ ಲೋಮನಾಳಗಳು. 1661ರಲ್ಲಿ ಬೊರೆಲ್ಲಿಗೆ ಬರೆದ ಎರಡು ಪತ್ರಗಳ ರೂಪದಲ್ಲಿ ಅವನು ಇದನ್ನು ಪ್ರಕಟಿಸಿದನು. ಇದಕ್ಕಾಗಿ ಕಪ್ಪೆಗಳ ಕುಲವನ್ನೇ ಹೆಚ್ಚುಕಡಮೆ ಬಲಿಕೊಟ್ಟೆನೆಂದು ಹಾಸ್ಯವಾಗಿ ಹೇಳಿಕೊಂಡಿದ್ದಾನೆ.

ಲೋಮನಾಳದ ಭಿತ್ತಿ ಒಂದೇ ಜೀವಕೋಶದಷ್ಟು ತೆಳುವೆಂದು ಇಂದು ನಮಗೆ ತಿಳಿದಿದೆ. ರಕ್ತವು ಹೊತ್ತು ತಂದ ಆಮ್ಲಜನಕವೂ ಆಹಾರಾಂಶವೂ ಇಲ್ಲಿಯೇ ಜೀವಕೋಶಗಳಿಗೆ ಇಳಿಯುತ್ತವೆ. ಅಲ್ಲಿನ ಕಲ್ಮಷ ಇಲ್ಲಿಯೇ ರಕ್ತಕ್ಕೆ ಏರುತ್ತದೆ. ಹೃದಯದ ದುಡಿಮೆಯೆಲ್ಲ ಈ ಕೊಡುಕೊಳೆಗಾಗಿಯೇ. ಆಮ್ಲಜನಕವೆಂಬ ಹೆಸರೇ ಹುಟ್ಟಿರದ ಕಾಲದಲ್ಲಿದ್ದ ಮಾಲ್ಪಿಘಿಗೆ ಇದು ತಿಳಿದಿರಲಿಲ್ಲ.

1662ರಿಂದ ನಾಲ್ಕು ವರ್ಷ ಮೆಸ್ಸೀನಾದಲ್ಲಿ ಬೋಧಿಸಿ ಅವನು ಮತ್ತೆ ಬೊಲೊನ್ಯಕ್ಕೆ ಬಂದನು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡೆನ್‌ಬರ್ಗ್ ಅವನಿಗೆ ಪತ್ರ ಬರೆದು ಸಂಶೋಧನೆಗಳನ್ನು ಕಳುಹಿಸುವಂತೆ ಕೇಳಿದನು. ಮಾಲ್ಪಿಘಿ ರೇಷ್ಮೆಹುಳುವನ್ನು ಕೈಗೆತ್ತಿಕೊಂಡನು. ಕೀಟಗಳ ಒಡಲಲ್ಲಿ ಹೇಳಿಕೊಳ್ಳುವಂತಹ ಅವಯವಗಳೇ ಇಲ್ಲವೆಂದು ಅಂದಿನ ಬಹುಮಂದಿ ವಿದ್ವಾಂಸರು ತಿಳಿದಿದ್ದರು. ಜ್ವರ ಬಂದರೂ, ಕಣ್ಣುಗಳು ಉರಿಯೂತದಿಂದ ನೊಂದರೂ ಅವನು ಬಿಡದೆ ದುಡಿದನು. ಗ್ರಂಥವನ್ನು ರಾಯಲ್ ಸೊಸೈಟಿ 1669ರಲ್ಲಿ ಪ್ರಕಟಿಸಿತು.

ಹುಳುವಿನ ಒಡಲು ಬೇರೆಯೇ ಒಂದು ವ್ಯವಸ್ಥೆಯನ್ನು ತೋರಿಸಿತು. ಬೆನ್ನಿನ ನಾಳದಲ್ಲಿದ್ದ ಉಬ್ಬುಗಳನ್ನು ಅವನು ಸಾಲಾಗಿ ನಿಂತ ಪುಟ್ಟ ಹೃದಯಗಳೆಂದು ಭಾವಿಸಿದನು. ಅದು ಒಂದೇ ಉದ್ದನೆಯ ಹೃದಯವೆಂಬುದು ಅನಂತರ ತಿಳಿಯಿತು. ಈ ಹೃದಯವು ತಲೆಯ ಕಡೆಗೆ ನೂಕಿದ ರಕ್ತವು ನಾಳಗಳಿಲ್ಲದೆ ಒಡಲ ತುಂಬ ಹರಡಿ ಅವಯವಗಳನ್ನು ನೇರವಾಗಿ ತೋಯಿಸುತ್ತದೆ. ಅಲ್ಲಿ ಲೋಮನಾಳಗಳಿಲ್ಲ. ಸೊಪ್ಪಿನ ಸಾರವು ಕರುಳಿನಿಂದ ರಕ್ತಕ್ಕೆ ಬಂದು ಎರಡು ರೇಷ್ಮೆ ಗ್ರಂಥಿಗಳನ್ನು ಸೇರುತ್ತದೆ. ಹುಳು ಹಣ್ಣಾಗಿ ಚಂದ್ರಿಕೆ ಏರಿದಾಗ ಅದೇ ಸಾರ ನೂಲಾಗುತ್ತದೆ. ಆದರೆ ಆಮ್ಲಜನಕವನ್ನು ಹೊರುವ ಕೆಲಸ ಈ ರಕ್ತದ್ದಲ್ಲ. ಪಕ್ಕೆಗಳಲ್ಲಿರುವ ಒಂಬತ್ತು ಜೊತೆ ರಂಧ್ರಗಳಿಂದ ಗಾಳಿಯು ಕವಲೊಡೆದ ಕೊಳವೆಗಳ ಮೂಲಕ ಅಂಗಾಂಗಗಳಿಗೆ ಮುಟ್ಟುತ್ತದೆ. ಈ ರಂಧ್ರಗಳಿಗೆ ಎಣ್ಣೆ ಸವರಿದರೆ ಹುಳು ಉಸಿರುಗಟ್ಟಿ ಸಾಯುವುದನ್ನು ಮಾಲ್ಪಿಘಿ ತೋರಿಸಿದನು. ಕೀಟಗಳಲ್ಲಿ ಕಲ್ಮಷವನ್ನು ಹೊರಹಾಕುವ ಸಣ್ಣ ಕೊಳವೆಗಳನ್ನು ಇಂದಿಗೂ ಮಾಲ್ಪಿಘಿಯನ್ ನಾಳಗಳೆಂದು ಕರೆಯುತ್ತಾರೆ.

ಪರದೇಶದಲ್ಲಿ ದೊರೆತ ಮನ್ನಣೆ ಅವನಿಗೆ ಸ್ವದೇಶದಲ್ಲಿ ದೊರೆಯಲಿಲ್ಲ. ಹುಳುಗಳನ್ನು ಸೀಳಿ ನೋಡಿದರೆ ಯಾವ ರೋಗಿ ಗುಣವಾದಾನು ಎಂದು ಹಳೆಯ ಪದ್ಧತಿಯ ವೈದ್ಯರು ಹೀಗಳೆದರು. 1689ರಲ್ಲಿ ಇಂತಹ ಟೀಕೆಯನ್ನು ಪುಸ್ತಕವಾಗಿ ಅಚ್ಚುಹಾಕಿಸಿದ ಸ್ಬರಾಲ್ಯನ ಮನೆತನಕ್ಕೂ ಮಾಲ್ಪಿಘಿಯ ಮನೆತನಕ್ಕೂ ಜಮೀನಿನ ಗಡಿಯ ಜಗಳವೂ ಇತ್ತು. ಅದಕ್ಕೂ ಮೊದಲೇ, 1684ರಲ್ಲಿ, ಅವನ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಹಸ್ತಪ್ರತಿಗಳೂ ನಾಶವಾಗಿದ್ದವು. ಆಗ ಅವನಿಗೆ ಐವತ್ತಾರು ವರ್ಷ. ಆದರೂ ಅವನು ಕೆಲಸವನ್ನು ಕೈಬಿಡಲಿಲ್ಲ.

1691ರಲ್ಲಿ ಪೋಪ್ ಹನ್ನೆರಡನೆಯ ಇನ್ನೊಸೆಂಟ್ ಅವನನ್ನು ತನ್ನ ವೈದ್ಯನಾಗಿ ರೋಮಿಗೆ ಕರೆಸಿಕೊಂಡನು. 1694ರ ನವೆಂಬರ್ ತಿಂಗಳ ಕೊನೆಯಲ್ಲಿ ಮಾಲ್ಪಿಘಿ ಅಲ್ಲಿಯೇ ಮೃತನಾದನು. ಅವನ ದೇಹವನ್ನು ಬೊಲೊನ್ಯಕ್ಕೆ ಒಯ್ದು ಸಮಾಧಿ ಮಾಡಿದರು. ಅವನ ಉಳಿದ ಬರಹಗಳನ್ನು ರಾಯಲ್ ಸೊಸೈಟಿ 1697ರಲ್ಲಿ ಅಚ್ಚು ಮಾಡಿಸಿತು. ಅವನೇ ಬರೆದ ತನ್ನ ಜೀವನವೃತ್ತಾಂತವೂ ಅದರಲ್ಲಿ ಸೇರಿತ್ತು.