ಜಾಕ್ ಮೊನೊ

ಜಾಕ್ ಮೊನೊ 1910ರ ಫೆಬ್ರುವರಿ 9ರಂದು ಪ್ಯಾರಿಸಿನಲ್ಲಿ ಜನಿಸಿದರು. ತಂದೆ ಚಿತ್ರಕಾರರು, ತಾಯಿ ಅಮೆರಿಕದವರು. ಬಾಲ್ಯ ಕಳೆದದ್ದು ದಕ್ಷಿಣ ಫ್ರಾನ್ಸಿನ ಕ್ಯಾನ್ ಪಟ್ಟಣದಲ್ಲಿ. ಚೆಲ್ಲೋ ವಾದ್ಯವನ್ನು ನುಡಿಸುತ್ತಿದ್ದ ಅವರು ಗಾಯನವೃಂದವೊಂದನ್ನೂ ಕಟ್ಟಿದರು. ಸಂಗೀತವೋ ವಿಜ್ಞಾನವೋ ಎಂಬ ಇಬ್ಬಂದಿ ಬಹುಕಾಲ ಅವರನ್ನು ಬಿಡಲಿಲ್ಲ. 1941ರಲ್ಲಿ ಡಾಕ್ಟರೇಟ್ ಪದವಿ ಬಂದಾಗ ವಯಸ್ಸು ಮೂವತ್ತೊಂದು.

ಪ್ರಬಂಧದ ವಿಷಯ ಬ್ಯಾಕ್ಟೀರಿಯಗಳ ಬೆಳವಣಿಗೆ. ಕೆಲವು ಜೋಡಿ ಸಕ್ಕರೆಗಳನ್ನು ಬೆರೆಸಿಕೊಟ್ಟರೆ ಅವು ಮೊದಲು ಒಂದನ್ನೇ ಮುಗಿಸುತ್ತಿದ್ದವು. ಕೆಲಹೊತ್ತು ಬೆಳವಣಿಗೆ ನಿಲ್ಲುತ್ತಿತ್ತು. ಆಮೇಲೆ ಎರಡನೆಯದಕ್ಕೆ ಬಾಯಿ ಹಾಕುತ್ತಿದ್ದವು. ಆ ಬಿಡುವಿನಲ್ಲಿ ನಡೆಯುವುದೇನು? ಕಣ್ಣಿಗೆ ಕಾಣದ ಜೀವಿಯ ಈ ಊಟದ ಕ್ರಮವೇ ಅವರ ಮುಂದಿನ ಇಪ್ಪತ್ತು ವರ್ಷಗಳನ್ನು ಹಿಡಿದಿಟ್ಟಿತು.

ಆಗ ಪ್ಯಾರಿಸ್ ಜರ್ಮನರ ವಶದಲ್ಲಿತ್ತು. ಮೊನೊ ಗುಪ್ತ ಪ್ರತಿರೋಧ ದಳವನ್ನು ಸೇರಿದರು. ಪ್ರಯೋಗಶಾಲೆಯ ಬಳಿ ನಿಲ್ಲಿಸಿದ್ದ ಜಿರಾಫೆಯ ಟೊಳ್ಳು ಕಾಲುಮೂಳೆಯಲ್ಲಿ ರಹಸ್ಯ ಕಾಗದಗಳನ್ನು ಅಡಗಿಸುತ್ತಿದ್ದರು. ಸಿಕ್ಕಿಬಿದ್ದರೆ ಸಾವು. ತಲೆಮರೆಸಿಕೊಂಡಿದ್ದಾಗಲೂ ಪ್ಯಾಶ್ಚರ್ ಸಂಸ್ಥೆಯಲ್ಲಿ ಆಂದ್ರೆ ಲ್ವಾಫ್ ಅವರ ಆಶ್ರಯದಲ್ಲಿ ಪ್ರಯೋಗಗಳು ಸಾಗಿದವು. ಆ ಹೋರಾಟದ ದಿನಗಳಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ್ದವರು, ರಷ್ಯದಲ್ಲಿ ಲೈಸೆಂಕೋ ತಳಿವಿಜ್ಞಾನವನ್ನೇ ಅಲ್ಲಗಳೆದಾಗ, 1948ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದರು. ಪಕ್ಷನಿಷ್ಠೆಗಿಂತ ಸಾಕ್ಷ್ಯ ಅವರಿಗೆ ದೊಡ್ಡದಾಗಿತ್ತು.

ಅದೇ ನಿಷ್ಠುರತೆಯನ್ನು ಅವರು ತಮ್ಮ ಮೇಲೆಯೂ ಪ್ರಯೋಗಿಸಿಕೊಂಡರು. ಎಶ್ಚರಿಶಿಯ ಕೋಲೈ ಎಂಬ ಬ್ಯಾಕ್ಟೀರಿಯ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸು ದೊರೆತಾಗ ಮಾತ್ರ ಅದನ್ನು ಒಡೆಯುವ ಕಿಣ್ವವನ್ನು ಹೇರಳವಾಗಿ ತಯಾರಿಸುತ್ತದೆ. ಸಕ್ಕರೆಯೇ ಈ ತಯಾರಿಕೆಗೆ ನೇರ ಪ್ರೇರಣೆಯೆಂದು ಮೊನೊ ನಂಬಿದ್ದರು. ಆದರೆ ಲ್ಯಾಕ್ಟೋಸು ಇಲ್ಲದಿದ್ದರೂ ಕಿಣ್ವವನ್ನು ತಯಾರಿಸುತ್ತಲೇ ಇರುವ ವಿಕೃತ ತಳಿಗಳು ದೊರೆತವು. ಅಂಥ ತಳಿಯೊಳಕ್ಕೆ ಕೆಡದ ಜೀನುಗಳನ್ನು ಹಾಯಿಸಿ, ಆರ್ಥರ್ ಪಾರ್ಡಿ ಮತ್ತು ಫ್ರಾನ್ಸ್ವಾ ಜಾಕೋಬ್ ಅವರೊಡನೆ ಪರೀಕ್ಷಿಸಿದರು. ಸ್ವಲ್ಪ ಹೊತ್ತು ನಡೆದ ತಯಾರಿಕೆ ನಿಂತೇಹೋಯಿತು! ಹಾಗಾದರೆ ನಿಯಂತ್ರಕ ಜೀನಿನ ಕೆಲಸ ತಡೆಯುವುದು; ಸಕ್ಕರೆಯ ಕೆಲಸ ಆ ತಡೆಯನ್ನು ತೆಗೆಯುವುದು. ಮೊನೊ ಹಳೆಯ ನಂಬಿಕೆಯನ್ನು ಕೈಬಿಟ್ಟರು. 1959ರಲ್ಲಿ ಈ ಪ್ರಯೋಗ ಪ್ರಕಟವಾಯಿತು.

ಮಲಪ್ರಭೆಯ ದಂಡೆಯ ಹೊಳೆಆಲೂರಿನ ಸೀಮೆಯವರಿಗೆ ಇದು ಕಷ್ಟದ ಮಾತಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಕಾಲುವೆಗೆ ಗೇಟು ಉಂಟು, ಅದನ್ನು ಮುಚ್ಚುವ ಕಾವಲುಗಾರನುಂಟು. ಕಾವಲುಗಾರನಿಲ್ಲದಿದ್ದರೆ ನೀರು ಹರಿಯುತ್ತಲೇ ಇರುತ್ತದೆ. ಬೇರೊಬ್ಬನನ್ನು ಕಳುಹಿಸಿದರೆ ನಿಲ್ಲುತ್ತದೆ. ಗೇಟೇ ಮುರಿದಿದ್ದರೆ ಎಷ್ಟು ಕಾವಲುಗಾರರು ಬಂದರೂ ಆ ಕಾಲುವೆ ನಿಲ್ಲದು. ಬ್ಯಾಕ್ಟೀರಿಯದಲ್ಲಿ ಕಾವಲು ಕೆಟ್ಟ ವಿಕೃತಿ, ಗೇಟು ಕೆಟ್ಟ ವಿಕೃತಿ ಎರಡೂ ಸಿಕ್ಕವು. ತೆರೆಯೆಂದರೂ ತೆರೆಯದ ಹಟಮಾರಿ ಕಾವಲುಗಾರನ ವಿಕೃತಿಯೂ ಸಿಕ್ಕಿತು. ಅದು ಲ್ಯಾಕ್ಟೋಸಿಗೆ ಮಣಿಯಲೇ ಇಲ್ಲ. ಕೆಟ್ಟದ್ದನ್ನು ನೋಡಿಯೇ ಸರಿಯಾದದ್ದರ ರಚನೆಯನ್ನು ಅರಿತ ಬಗೆಯಿದು. ಒಂದೇ ಗೇಟಿಗೆ ಒಳಪಟ್ಟ ಜೀನುಗಳ ಗುಂಪಿಗೆ ಆಪೆರಾನ್ ಎಂದು ಹೆಸರಿಟ್ಟು, ಜಾಕೋಬ್ ಮತ್ತು ಮೊನೊ 1961ರಲ್ಲಿ ಪೂರ್ಣ ವಿವರಣೆ ನೀಡಿದರು. 1965ರಲ್ಲಿ ಲ್ವಾಫ್ ಅವರೊಡನೆ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಕಾವಲುಗಾರನು ಒಂದು ಪ್ರೋಟೀನೆಂಬುದು 1966ರಲ್ಲಿ ಸಿದ್ಧವಾಯಿತು.

ಈ ದಾರಿಯಲ್ಲಿ ನಡೆದವರು ಅನೇಕರು. ಸಾಮಾನ್ಯವಾಗಿ ಮಲಗಿಯೇ ಇದ್ದು ವಿಕೃತಿಯಿಂದ ಎಚ್ಚರಗೊಳ್ಳುವ ಬಿ.ಜಿ.ಎಲ್. ಎಂಬ ಆಪೆರಾನನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅಭ್ಯಸಿಸಿದ್ದಾರೆ.

1971ರಲ್ಲಿ ಮೊನೊ ಪ್ಯಾಶ್ಚರ್ ಸಂಸ್ಥೆಯ ನಿರ್ದೇಶಕರಾದರು. ರಕ್ತದ ಕ್ಯಾನ್ಸರಿನಿಂದ ಬಳಲಿ, 1976ರ ಮೇ 31ರಂದು ತಾವು ಬೆಳೆದ ಕ್ಯಾನ್ ಪಟ್ಟಣದಲ್ಲಿಯೇ ತೀರಿಕೊಂಡರು.