ದುರ್ಯೋಧನನ ಪರ ವಕಾಲತ್ತು ವಹಿಸಿದ ನಟ: ಬಳ್ಳಾರಿ ರಾಘವ

ರಾಯದುರ್ಗದ ಚಹಾದಂಗಡಿಯಲ್ಲಾಗಲಿ, ಮಡಕಶಿರದ ಬಸ್ ನಿಲ್ದಾಣದಲ್ಲಾಗಲಿ ಧಾರಾವಾಹಿಯ ಮಾತು ಎದ್ದರೆ ಬೇಗ ಮುಗಿಯುವುದಿಲ್ಲ. ಅತ್ತೆಯದು ಸರಿಯೋ ಸೊಸೆಯದು ಸರಿಯೋ ಎಂದು ಕನ್ನಡದಲ್ಲಿ ಶುರುವಾದ ವಾದ ತೆಲುಗಿನಲ್ಲಿ ಮುಗಿಯುತ್ತದೆ. ದೂರದ ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ 1966ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ಎಂಬ ಆಕಾಶನೌಕೆಯ ಧಾರಾವಾಹಿಯ ಅಭಿಮಾನಿಗಳು ನೌಕೆಯ ಕ್ಯಾಪ್ಟನ್ ಮಾಡಿದ್ದು ಸರಿಯೇ, ಯುದ್ಧ ಬೇಕಿತ್ತೇ ಎಂದು ಇಂದಿಗೂ ವಾದಿಸುತ್ತಾರೆ. ಅದನ್ನು ನಿಲ್ಲಿಸಬಾರದೆಂದು 1968ರಲ್ಲಿ ಟಿವಿ ಕಂಪನಿಗೆ ರಾಶಿ ರಾಶಿ ಪತ್ರ ಬರೆದವರು ಅವರು.

ಆದರೆ ಈ ಚಾಳಿಯನ್ನು ಟಿವಿ ಕಲಿಸಿತೆಂದು ತಿಳಿಯಬೇಡಿ. ಟಿವಿ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಸೀಮೆಯ ಜನ ನಾಟಕ ನೋಡಿ ಬಂದು ದುರ್ಯೋಧನನದು ತಪ್ಪೋ ಸರಿಯೋ ಎಂದು ವಾದ ಮಾಡುತ್ತಿದ್ದರು. ಆ ವಾದಕ್ಕೆ ಕಿಡಿ ಹಚ್ಚಿದವರಲ್ಲಿ ಮೊದಲ ಹೆಸರು ಬಳ್ಳಾರಿ ರಾಘವ.

ಹುಟ್ಟೂರು ತಾಡಪತ್ರಿ

ತಾಡಪತ್ರಿ ರಾಘವಾಚಾರ್ಯ ಎಂಬುದು ಅವರ ಪೂರ್ಣ ಹೆಸರು. ಹುಟ್ಟಿದ್ದು 1880ರ ಆಗಸ್ಟ್ 2ರಂದು ತಾಡಪತ್ರಿಯಲ್ಲಿ. ಆಗ ಅನಂತಪುರ ಜಿಲ್ಲೆ ಎಂಬುದೇ ಇರಲಿಲ್ಲ. ತಾಡಪತ್ರಿ, ಮಡಕಶಿರ, ರಾಯದುರ್ಗ ಎಲ್ಲವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. 1882ರಲ್ಲಿ ಜಿಲ್ಲೆ ಒಡೆದಾಗ ತಾಡಪತ್ರಿ, ಮಡಕಶಿರಗಳು ಅನಂತಪುರಕ್ಕೆ ಹೋದವು. ರಾಯದುರ್ಗ ಮಾತ್ರ ಬಳ್ಳಾರಿಯಲ್ಲೇ ಉಳಿಯಿತು.

ತಂದೆ ನರಸಿಂಹಾಚಾರ್ಯರು ಬಳ್ಳಾರಿಯ ಪ್ರೌಢಶಾಲೆಯಲ್ಲಿ ತೆಲುಗು ಪಂಡಿತರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಹೀಗೆ ಮೂರು ಭಾಷೆಯ ನಡುವೆ ಹುಡುಗ ಬೆಳೆದ. ಮುಂದೆ ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಅಲ್ಲಿಯೇ ಕಾನೂನು ಓದು. ಬಳ್ಳಾರಿಗೆ ಮರಳಿ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿದರು, ಸರ್ಕಾರಿ ವಕೀಲರೂ ಆದರು. ಹೊಟ್ಟೆಪಾಡಿಗೆ ಕಚೇರಿ, ಮನಸ್ಸಿಗೆ ರಂಗಭೂಮಿ. ಕೊನೆಯವರೆಗೂ ಅವರ ಬಾಳು ಹೀಗೇ ಸಾಗಿತು.

ಎರಡು ಸಭೆ, ಎರಡು ದಾರಿ

ಅಂದಿನ ಬಳ್ಳಾರಿಯಲ್ಲಿ ಎರಡು ನಾಟಕ ಸಭೆಗಳಿದ್ದವು. ಒಂದು ರಾಘವರ ಸೋದರಮಾವ ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ. ಇನ್ನೊಂದು ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ. ಇಬ್ಬರೂ ವಕೀಲರೇ, ಇಬ್ಬರೂ ನಾಟಕಕಾರರೇ. ಆಚಾರ್ಯರಿಗೆ ಪುರಾಣವೆಂದರೆ ಪ್ರಾಣ. ಪದ್ಯ ಮತ್ತು ಹಾಡು ಅವರ ನಾಟಕಗಳ ಜೀವಾಳ. ರಾಯರಿಗೆ ಚರಿತ್ರೆಯ ಮೇಲೆ ಒಲವು. ಸಹಜವಾಗಿಯೇ ನೋಡುಗರಲ್ಲೂ ಎರಡು ರುಚಿ ಬೆಳೆಯಿತು.

ರಾಘವ ಎರಡೂ ಕಡೆಯ ನಾಟಕಗಳಲ್ಲಿ ಬಣ್ಣ ಹಚ್ಚಿದರು. ಆದರೆ ಅವರ ದಾರಿ ಮೂರನೆಯದು. ಯುದ್ಧಭೂಮಿಯಲ್ಲಿ ಸಾಯುತ್ತಿರುವವನು ರಾಗ ಎಳೆಯುತ್ತಾ ಕೂರುವುದು, ಜನ ಒನ್ಸ್ ಮೋರ್ ಎಂದರೆ ಎದ್ದು ಮತ್ತೆ ಹಾಡುವುದು ಅವರಿಗೆ ಹಿಡಿಸಲಿಲ್ಲ. ಹಾಡು ಕಡಿಮೆ ಮಾಡಿ ಮಾತು, ಕಣ್ಣು, ಮೌನಗಳಿಂದ ಪಾತ್ರ ಕಟ್ಟಿದರು. ಪದ್ಯ ಕೇಳಲೆಂದೇ ಬಂದವರಿಗೆ ಇದರಿಂದ ನಿರಾಶೆ. ನಟನೆ ನೋಡಲು ಬಂದವರಿಗೆ ಹಬ್ಬ. ಹಾಡು ಬೇಕೋ ನಟನೆ ಬೇಕೋ ಎಂಬ ಈ ಚರ್ಚೆ ತೆಲುಗು ರಂಗಭೂಮಿಯಲ್ಲಿ ಬಹಳ ಕಾಲ ನಡೆಯಿತು.

ಖಳನಿಗೂ ಒಂದು ಮನಸ್ಸು

ರಾಘವರಿಗೆ ಹೆಸರು ತಂದ ಪಾತ್ರಗಳನ್ನು ನೋಡಿ: ಹಿರಣ್ಯಕಶಿಪು, ದುರ್ಯೋಧನ, ಚಾಣಕ್ಯ, ಪಠಾಣ ರುಸ್ತುಂ. ಹೆಚ್ಚಿನವು ಜನ ಮೊದಲೇ ತಪ್ಪಿತಸ್ಥರೆಂದು ತೀರ್ಮಾನಿಸಿದ ಪಾತ್ರಗಳು. ರಾಘವರ ಹಿರಣ್ಯಕಶಿಪು ಬರೀ ರಾಕ್ಷಸನಲ್ಲ, ಮಾತು ಕೇಳದ ಮಗನ ತಂದೆ. ಅವರ ದುರ್ಯೋಧನ ಬರೀ ಹೊಟ್ಟೆಕಿಚ್ಚಿನವನಲ್ಲ, ಸ್ವಾಭಿಮಾನಿ ಅರಸು. ಆರೋಪಿಗೂ ಹೇಳಿಕೊಳ್ಳಲು ಒಂದು ಮಾತಿರುತ್ತದೆ ಎಂಬುದು ಕೋರ್ಟಿನಲ್ಲಿ ದಿನವೂ ಕಂಡ ಸತ್ಯ. ಅದನ್ನೇ ಅವರು ರಂಗಕ್ಕೆ ತಂದರೆಂದು ಕಾಣುತ್ತದೆ.

ಪಠಾಣ ರುಸ್ತುಂ ಪಾತ್ರದ ವಿಷಯ ಇನ್ನೂ ಸೂಕ್ಷ್ಮ. ಅದು ಕೋಲಾಚಲಂ ಅವರ ರಾಮರಾಜ ಚರಿತ್ರೆ ನಾಟಕದ ಪಾತ್ರ. 1565ರ ಯುದ್ಧ, ವಿಜಯನಗರದ ಪತನ ಅದರ ವಸ್ತು. ಹಂಪೆಯ ಹಾಳು ಬಳ್ಳಾರಿಗೆ ಎಷ್ಟು ದೂರ? ಆ ಗಾಯ ಇಲ್ಲಿನವರಿಗೆ ಪುಸ್ತಕದ ಮಾತಲ್ಲ. ಅಂಥ ಕಡೆ ಎದುರು ಪಕ್ಷದ ಪಠಾಣನನ್ನು ಜನ ಮೆಚ್ಚುವಂತೆ ಆಡಿ ತೋರಿಸುವುದು ಸುಲಭವಲ್ಲ. ರಾಘವ ಅದನ್ನು ಸಾಧಿಸಿದರು. ಅದು ಅವರ ಅತ್ಯುತ್ತಮ ಪಾತ್ರಗಳಲ್ಲಿ ಒಂದೆಂದು ಹೆಸರಾಯಿತು. ಹಿಂದೂ ಮುಸ್ಲಿಮರ ನಡುವೆ ಮನಸ್ತಾಪ ಬಂದೀತೆಂದು ಆಂಗ್ಲ ಸರ್ಕಾರ ಆ ನಾಟಕಕ್ಕೆ ನಿಷೇಧವನ್ನೂ ಹಾಕಿತು. ನಾಟಕ ಬರೀ ಆಟವೆಂದು ಸರ್ಕಾರವೂ ನಂಬಿರಲಿಲ್ಲ ಎನ್ನಲು ಇದೇ ಸಾಕ್ಷಿ.

ಹೆಣ್ಣಿನ ಪಾತ್ರಕ್ಕೆ ಹೆಣ್ಣು

ಅಂದು ದ್ರೌಪದಿಯಾಗಲಿ ತಾರಾಮತಿಯಾಗಲಿ ಸೀರೆ ಉಟ್ಟ ಗಂಡಸೇ. ಮನೆತನಸ್ಥ ಹೆಣ್ಣುಮಕ್ಕಳು ರಂಗವೇರಿದರೆ ಊರು ಬಾಯಿಗೆ ಬಂದಂತೆ ಆಡುತ್ತಿತ್ತು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ರಾಘವ ಪಟ್ಟು ಹಿಡಿದರು. ಓದು ಬಲ್ಲ ಮಹಿಳೆಯರನ್ನು ಕರೆತಂದು ತರಬೇತಿ ಕೊಟ್ಟರು. ಕೊಮ್ಮೂರಿ ಪದ್ಮಾವತಿದೇವಿಯಂಥವರು ಹಾಗೆ ಬಂದವರು. ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಪಿ.ವಿ. ರಾಜಮನ್ನಾರ್ ಬರೆದ 'ತಪ್ಪೆವರಿದಿ' ಎಂಬ ಸಾಮಾಜಿಕ ನಾಟಕವನ್ನು ರಾಘವ ಆಡಿದರು. ತಪ್ಪು ಯಾರದು ಎಂಬುದು ಆ ಹೆಸರಿನ ಅರ್ಥ. ರಾಘವರ ಎಲ್ಲ ಪಾತ್ರಗಳಿಗೂ ಆ ಹೆಸರು ಒಪ್ಪುತ್ತದೆ.

ಅವರು ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ನಟಿಸಿದರು. 1927ರಲ್ಲಿ ಬೆಂಗಳೂರಿನಲ್ಲಿ ಅವರ 'ದೀನಬಂಧು ಕಬೀರ್' ಹಿಂದಿ ನಾಟಕವನ್ನು ಗಾಂಧೀಜಿ ನೋಡಿ ಮೆಚ್ಚಿದರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಷಾ ಅವರನ್ನು ಕಂಡು ಬಂದರು.

ಬೆಳ್ಳಿತೆರೆಯ ರೈತ

ಸಿನಿಮಾ ಅವರಿಗೆ ಅಷ್ಟಾಗಿ ಒಲಿಯಲಿಲ್ಲ. 1936ರಲ್ಲಿ ದ್ರೌಪದಿಯ ಕಥೆಯ ಮೇಲೆ ಒಂದೇ ವರ್ಷ ಎರಡು ತೆಲುಗು ಚಿತ್ರಗಳು ಬಂದವು. ರಾಘವ ದುರ್ಯೋಧನನಾದ 'ದ್ರೌಪದಿ ಮಾನಸಂರಕ್ಷಣಂ' ಸೋತಿತು, ಎದುರಾಳಿ ಚಿತ್ರ ಗೆದ್ದಿತು.

ಆದರೆ 1939ರ 'ರೈತುಬಿಡ್ಡ' ಬೇರೆಯದೇ ಮಾತು. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ ಈ ಚಿತ್ರದಲ್ಲಿ ರಾಘವ ನರಸಿರೆಡ್ಡಿ ಎಂಬ ಸಣ್ಣ ರೈತ. ಸಾಲ ಕೊಟ್ಟವನ ಕಾಟ, ಜಮೀನ್ದಾರನ ದರ್ಪ. ಚುನಾವಣೆ ಬಂದಾಗ ರೈತರ ಪಕ್ಷದ ಕಡೆ ನಿಂತದ್ದಕ್ಕೆ ಮನೆಮಂದಿಯೆಲ್ಲ ಕಷ್ಟಪಡಬೇಕಾಗುತ್ತದೆ. ಜಮೀನ್ದಾರರು ಸಿಡಿದೆದ್ದರು. ಕೊನೆಗೆ ಆ ಚಿತ್ರಕ್ಕೂ ನಿಷೇಧದ ಬಿಸಿ ತಟ್ಟಿತು. ರಂಗದ ಮೇಲೆ ಪಠಾಣನಾಗಿ ಕಂಡ ಕಷ್ಟವನ್ನು ರಾಘವ ತೆರೆಯ ಮೇಲೆ ರೈತನಾಗಿಯೂ ಕಂಡರು.

ಗಡಿ ಬಿದ್ದ ಮೇಲೆ

1946ರ ಏಪ್ರಿಲ್ 16ರಂದು ರಾಘವ ಕಣ್ಣು ಮುಚ್ಚಿದರು. ಏಳು ವರ್ಷದ ನಂತರ ಬಳ್ಳಾರಿ ಯಾರದೆಂಬ ಜಗಳ ತೀರ್ಮಾನಕ್ಕೆ ಬಂತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ರಾಘವ ಹುಟ್ಟಿದ ಊರು ಒಂದು ರಾಜ್ಯ, ಬಾಳಿದ ಊರು ಇನ್ನೊಂದು ರಾಜ್ಯವಾಯಿತು. 2022ರಲ್ಲಿ ಮಡಕಶಿರವೂ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗೆರೆಗಳು ಬದಲಾಗುತ್ತಲೇ ಇವೆ.

ಇಂದು ತೆಲುಗರು ಅವರನ್ನು ತಮ್ಮ ಮಹಾನಟ ಎನ್ನುತ್ತಾರೆ. ಕನ್ನಡ ನೆಲದ ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ನಿಂತಿದೆ. 1981ರಲ್ಲಿ ಅಂಚೆ ಇಲಾಖೆ ಅವರ ಚೀಟಿ ಹೊರಡಿಸಿತು. ಅವರು ಯಾರವರು ಎಂದು ಕೇಳಿದರೆ ಎರಡೂ ಕಡೆಯವರ ಬಳಿ ಉತ್ತರವಿದೆ, ಎರಡೂ ನಿಜವೇ. ಎದುರು ಪಕ್ಷದವನ ಮಾತನ್ನೂ ಕೇಳಿ ಎಂದು ಬಾಳೆಲ್ಲ ನಟಿಸಿ ತೋರಿಸಿದವರು ರಾಘವ. ಅವರ ವಿಷಯದಲ್ಲಾದರೂ ಗಡಿಯ ಈಚೆ ಆಚೆಯವರು ಪರಸ್ಪರರ ಮಾತು ಕೇಳಿದರೆ ಚೆನ್ನ. ಮುಂದೆ ನಿಮ್ಮೂರಿನಲ್ಲಿ ಪೌರಾಣಿಕ ನಾಟಕ ನಡೆದಾಗ ದುರ್ಯೋಧನನ ಪ್ರವೇಶಕ್ಕೆ ಒಂದು ಚಪ್ಪಾಳೆ ಜಾಸ್ತಿ ಬಿದ್ದರೆ, ಅದರಲ್ಲಿ ತಾಡಪತ್ರಿಯ ಈ ವಕೀಲರ ಪಾಲೂ ಇದೆ.