ಪಾಳುಗೋಡೆಗಳನ್ನು ಉಳಿಸಿದ ಪಿರನೇಸಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ನಾವು. ಪರಸ್ಥಳದಲ್ಲಿ ಬಾಳಿ ಹೆಸರು ಗಳಿಸಿದವರ ಚರಿತ್ರೆಯು, ಅವರು ಯಾವ ದೇಶದವರೇ ಆಗಿರಲಿ, ನಮಗೆ ಪರಕೀಯವೆನಿಸದು. ಇಟಲಿಯ ಜಿಯೋವಾನಿ ಬಟಿಸ್ಟಾ ಪಿರನೇಸಿಯು ಅಂತಹವನೊಬ್ಬನು.

ಈತನು 1720ರಲ್ಲಿ ವೆನಿಸ್ ನಗರದ ಸಮೀಪದಲ್ಲಿ ಕಲ್ಲುಕೆಲಸದವನೊಬ್ಬನ ಮಗನಾಗಿ ಜನಿಸಿದನು. ಸೋದರಮಾವನಲ್ಲಿ ವಾಸ್ತುವಿದ್ಯೆಯನ್ನು ಕಲಿತು, 1740ರಲ್ಲಿ ವೆನಿಸ್ಸಿನ ರಾಯಭಾರಿಯ ಪರಿವಾರದೊಡನೆ ನಕ್ಷೆಗಾರನಾಗಿ ರೋಮಿಗೆ ಬಂದನು. ಕಟ್ಟಡಗಳನ್ನು ಕಟ್ಟಬೇಕೆಂಬುದು ಆತನ ಹಂಬಲ; ಕಟ್ಟಿಸುವವರು ದೊರೆಯಲಿಲ್ಲ. ಆಗ ಜ್ಯುಸೆಪ್ಪೆ ವಾಸಿ ಎಂಬವನಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ಕಲೆಯನ್ನು ಅಭ್ಯಸಿಸಿದನು. ನಡುವೆ ಕೈಯಲ್ಲಿ ಕಾಸಿಲ್ಲದೆ ಊರಿಗೆ ಮರಳಿದರೂ, ಮತ್ತೆ ರೋಮಿಗೇ ಬಂದು ನೆಲೆನಿಂತನು.

ಹುಣಿಸೆಹುಳಿಯಿಂದ ತಾಮ್ರದ ಹಂಡೆಯನ್ನು ಬೆಳಗುವ ನಮ್ಮ ಹೋಟೆಲು ಬಂಧುಗಳಿಗೆ ಈ ಕಲೆಯ ಮರ್ಮ ಸುಲಭವಾಗಿ ತಿಳಿದೀತು. ತಗಡಿಗೆ ಮೇಣದಂತಹ ಲೇಪವನ್ನು ಹಚ್ಚಿ, ಸೂಜಿಯಿಂದ ಗೀರಿ, ತೀಕ್ಷ್ಣವಾದ ಆಮ್ಲವನ್ನು ಹೊಯ್ದರೆ ಗೀರಿದಲ್ಲಿ ಮಾತ್ರ ತಾಮ್ರವು ಕರಗಿ ಗೆರೆಯಾಗುವುದು. ಆ ಗೆರೆಯಲ್ಲಿ ಮಸಿ ತುಂಬಿ ಕಾಗದಕ್ಕೆ ಒತ್ತುವರು. ಹೆಚ್ಚು ಹೊತ್ತು ಆಮ್ಲದಲ್ಲಿಟ್ಟಷ್ಟೂ ಗೆರೆಯು ಆಳ, ನೆರಳು ಕಪ್ಪು.

ಅಂದಿನ ರೋಮಿನಲ್ಲಿ ಚಕ್ರವರ್ತಿಗಳ ಸಭಾಸ್ಥಾನವು ದನ ಮೇಯುವ ಬಯಲಾಗಿತ್ತು. ಕಂಬಗಳು ಅರ್ಧ ಮಣ್ಣಿನಲ್ಲಿ ಹೂತಿದ್ದುವು. ಕಮಾನುಗಳ ಬಿರುಕುಗಳಲ್ಲಿ ಗಿಡಬಳ್ಳಿಗಳು ಬೇರೂರಿದ್ದುವು. ಜನರು ಹಳೆಯ ಕಲ್ಲುಗಳನ್ನು ಕಿತ್ತು ಹೊಸ ಮನೆಗಳಿಗೆ ಒಯ್ಯುತ್ತಿದ್ದರು. ಇವೆಲ್ಲ ಅಳಿದುಹೋಗುವ ಮುನ್ನ ಚಿತ್ರಗಳಲ್ಲಾದರೂ ಉಳಿಯಲೆಂದು ಪಿರನೇಸಿಯು ಸಂಕಲ್ಪಿಸಿ, ಒಂದೊಂದು ಗೋಡೆಯನ್ನೂ ಅಳೆದು, ಇನ್ನೂರಕ್ಕೂ ಮಿಕ್ಕಿದ ಚಿತ್ರಗಳ ನಾಲ್ಕು ಸಂಪುಟಗಳನ್ನು 1756ರಲ್ಲಿ ಪ್ರಕಟಿಸಿದನು.

ಈ ಗ್ರಂಥಕ್ಕೆ ನೆರವಾಗುವೆನೆಂದಿದ್ದ ಐರ್ಲೆಂಡಿನ ಪ್ರಭು ಚಾರ್ಲ್‌ಮಾಂಟನು ಮಾತಿಗೆ ತಪ್ಪಿದನೆಂಬುದು ಪಿರನೇಸಿಯ ದೂರು. ಆತನು ಕಾಡಿ ಬೇಡಲಿಲ್ಲ. ಅರ್ಪಣೆಯ ತಗಡಿನಿಂದ ಪ್ರಭುವಿನ ಹೆಸರನ್ನೇ ಅಳಿಸಿ, ಕಾರಣವನ್ನು 1757ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಸಾರಿದನು.

ವಾಸ್ತುಶಿಲ್ಪಿಯಾಗಿ ಆತನು ಕಟ್ಟಿದ್ದೆಂದರೆ ರೋಮಿನಲ್ಲಿ ನವೀಕರಿಸಿದ ಒಂದು ಇಗರ್ಜಿ ಮಾತ್ರ. 1778ರಲ್ಲಿ ಮಡಿದಾಗ ಕೊನೆಗೆ ಅಲ್ಲಿಯೇ ಮಣ್ಣಾದನು. ಆದರೆ ಆತನು ಕೊರೆದ ತಗಡುಗಳು ಒಂದು ಸಾವಿರಕ್ಕೆ ಕಡಿಮೆಯಿಲ್ಲ. ಅವುಗಳಲ್ಲಿ ಬಹುಭಾಗವು ಇಂದಿಗೂ ರೋಮಿನಲ್ಲಿ ಸುರಕ್ಷಿತವಾಗಿದೆ. ಆ ಚಿತ್ರಗಳನ್ನು ನೋಡಿ ಬೆಳೆದ ಜರ್ಮನ್ ಕವಿ ಗಯಟೆಗೆ, ರೋಮಿಗೆ ಬಂದು ನಿಜವಾದ ಅವಶೇಷಗಳನ್ನು ಕಂಡಾಗ ಅವು ಸಪ್ಪೆಯೆನಿಸಿದುವಂತೆ!

ನಮ್ಮ ಮನಸ್ಸನ್ನು ಮುಟ್ಟಿದ ಸಂಗತಿ ಇನ್ನೊಂದುಂಟು. ರೋಮನ್ನು ಅಷ್ಟೊಂದು ಪ್ರೀತಿಸಿದ ಈತನು ತನ್ನ ಕೃತಿಗಳಲ್ಲಿ ಹೆಸರಿನ ಮುಂದೆ ತಾನು ವೆನಿಸ್ಸಿನ ವಾಸ್ತುಶಿಲ್ಪಿಯೆಂದು ಬರೆದುಕೊಂಡನು. ಅನ್ನವಿತ್ತ ಊರಿಗೆ ದುಡಿಮೆಯನ್ನು ಸಲ್ಲಿಸಿದನು. ಹೆತ್ತ ನಾಡಿನ ಹೆಸರನ್ನು ಬಿಡಲಿಲ್ಲ. ಎರಡೂ ಋಣಗಳು ಒಬ್ಬನೇ ಮನುಷ್ಯನಲ್ಲಿ ಸಂದವು.